ಗೋಡೆಯಾಚೆಗಿನ ತೊಟ್ಟಿ

ಕಾಲೇಜಿನ ಲ್ಯಾಬಿನಲ್ಲಿ ಕಟ್ಟಿಸುತ್ತಿದ್ದ ಪ್ಯಾನೆಲ್ ರೂಮಿಗೆ ಕಿಟಕಿ ಬೇಡ ಎಂದು ಹಠ ಹಿಡಿದವಳು ನಾನೇ. ಗಾಜು ಹಾಕಿಸೋಣ, ನೋಡುವವರಿಗೆ ಚೆನ್ನಾಗಿರುತ್ತದೆ ಎಂದು ಪ್ರಾಂಶುಪಾಲರು ತಮಿಳಿನಲ್ಲಿ ಎರಡು ಸಲ ಹೇಳಿ ನೋಡಿದರು. ನಾನು ಒಪ್ಪಲಿಲ್ಲ. ಕಾರ್ಖಾನೆಯಲ್ಲಿ ಪ್ಯಾನೆಲ್ ಮುಂದೆ ಕೂತವನಿಗೆ ತೊಟ್ಟಿ ಕಾಣುವುದಿಲ್ಲ, ಅದರೊಳಗೆ ಏನು ಕುದಿಯುತ್ತಿದೆ ಎನ್ನುವುದೂ ಕಾಣುವುದಿಲ್ಲ. ಪರದೆಯ ಮೇಲಿನ ಗೆರೆಯನ್ನು ನಂಬಿಯೇ ಅವನು ವಾಲ್ವ್ ತೆರೆಯಬೇಕು, ಮುಚ್ಚಬೇಕು. ನಮ್ಮ ಮಕ್ಕಳೂ ಹಾಗೇ ಕಲಿಯಲಿ ಎಂದು ವಾದ ಮಾಡಿ ಲ್ಯಾಬ್ ಹಾಲಿನ ಒಂದು ತುದಿಯಲ್ಲಿ ಪ್ಲೈವುಡ್ ಗೋಡೆ ಹಾಕಿಸಿದೆ. ತೊಟ್ಟಿ, ಪಂಪು, ಪೈಪುಗಳು ನೀರಿನ ನಲ್ಲಿ ಇದ್ದ ಇನ್ನೊಂದು ತುದಿಯಲ್ಲಿ ಉಳಿದವು. ನಡುವೆ ಹಳೆಯ ಮೇಜುಗಳ ಸಾಲು.

ಹೊಸೂರಿನ ಒಂದು ಕಾರ್ಖಾನೆಯವರು ತಮ್ಮ ಡಿಸಿಎಸ್ಸನ್ನು ಬದಲಾಯಿಸಿ ಹೊಸದು ಹಾಕಿಕೊಂಡಿದ್ದರು. ಬಿಸಿ, ಒತ್ತಡ, ಮಟ್ಟ, ಹರಿವು ಎಲ್ಲವನ್ನೂ ಒಂದೇ ಕಡೆಯಿಂದ ನೋಡಿಕೊಳ್ಳುವ ದೊಡ್ಡ ವ್ಯವಸ್ಥೆ ಅದು. ಮನೆಗೆ ಹೊಸ ಬೀರು ಬಂದರೆ ಹಳೆಯದನ್ನು ನೆಂಟರಿಗೆ ದಾಟಿಸುತ್ತಾರಲ್ಲ, ಹಾಗೆ ಹಳೆಯ ಡಿಸಿಎಸ್ ನಮ್ಮ ಕಾಲೇಜಿಗೆ ಬಂತು. ಆಳೆತ್ತರದ ಎರಡು ಕಪಾಟು, ಅದರೊಳಗೆ ಎಲೆಕ್ಟ್ರಾನಿಕ್ ಕಾರ್ಡುಗಳು, ಒಂದು ಆಪರೇಟರ್ ಕಂಪ್ಯೂಟರು, ಮತ್ತೆ ಗೋಣಿಚೀಲಗಳಲ್ಲಿ ಬಿಚ್ಚಿ ತಂದ ವಾಲ್ವು, ಅಳತೆ ಕಳಿಸುವ ಟ್ರಾನ್ಸ್‌ಮಿಟರು, ತಂತಿಗಳ ರಾಶಿ. ಲಾರಿಯಿಂದ ಇಳಿಸುವಾಗ ಹಬ್ಬ ಬಂದಷ್ಟು ಖುಷಿ ನನಗೆ. ಆ ಖುಷಿಯನ್ನು ಯಾರ ಹತ್ತಿರ ಹೇಳಿಕೊಳ್ಳಬೇಕು ಎಂದು ತಿರುಗಿ ನೋಡಿದರೆ ಲಾರಿ ಡ್ರೈವರ್ ಒಬ್ಬನೇ ಇದ್ದ.

ನಮ್ಮ ಇನ್‌ಸ್ಟ್ರುಮೆಂಟೇಷನ್ ಬ್ರಾಂಚಿಗೆ ಕೆಲವು ವರ್ಷದಿಂದ ಸೇರುವವರೇ ಇಲ್ಲ. ಹೊಸ ಸೀಟು ನಿಲ್ಲಿಸಿಬಿಟ್ಟಿದ್ದರು. ಉಳಿದಿದ್ದದ್ದು ಕೊನೆಯ ವರ್ಷದ ಒಂದು ಸಣ್ಣ ಗುಂಪು, ಒಂದೇ ಆಟೋದಲ್ಲಿ ಹಿಡಿಸಬಹುದಾದಷ್ಟು ಮಕ್ಕಳು. ಜೊತೆಗಿದ್ದ ಅಧ್ಯಾಪಕರು ಒಬ್ಬೊಬ್ಬರಾಗಿ ಕಂಪ್ಯೂಟರ್ ಕಡೆಗೋ ಎಲೆಕ್ಟ್ರಿಕಲ್ ಕಡೆಗೋ ಹೋದರು. ಸ್ಟಾಫ್ ರೂಮಿನಲ್ಲಿ ಅವರ ಮೇಜುಗಳು ಹಾಗೇ ಇದ್ದವು, ಕ್ಯಾಲೆಂಡರೂ ಹಾಗೇ. ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ಉಪ್ಪಿನಕಾಯಿ ಬೇಕಾ ಎಂದು ಕೇಳುವುದಕ್ಕೂ ಎದುರಿಗೆ ಜನ ಇರಲಿಲ್ಲ. ಅದಕ್ಕೆ ಬೇರೆ ಹೆಸರು ಹುಡುಕುವುದು ಬೇಡ, ನನಗೆ ಒಂಟಿ ಅನ್ನಿಸುತ್ತಿತ್ತು. ದಿನವೂ ಅನ್ನಿಸುತ್ತಿತ್ತು.

ಪ್ರಾಂಶುಪಾಲರು ಕೆಟ್ಟವರಲ್ಲ, ಲೆಕ್ಕಾಚಾರದವರು. ಮೊದಲೇ ತಮ್ಮ ತಮಿಳಿನಲ್ಲಿ ಬಿಡಿಸಿ ಹೇಳಿದ್ದರು: "ಮೇಡಂ, ಈ ಹಾಲನ್ನ ಕಂಪ್ಯೂಟರ್‌ನವರು ಕೇಳ್ತಾ ಇದ್ದಾರೆ. ಈ ವರ್ಷ ಯೂನಿವರ್ಸಿಟಿ ಪ್ರಾಕ್ಟಿಕಲ್ ಪರೀಕ್ಷೆ ನಿಮ್ಮ ಹೊಸ ಸಿಸ್ಟಂ ಮೇಲೇ ನಡೀಲಿ. ನಡೆದ್ರೆ ಹಾಲ್ ನಿಮ್ಮದು. ಇಲ್ಲಾಂದ್ರೆ ಬೇಸಿಗೆ ರಜದಲ್ಲಿ ಇದನ್ನೆಲ್ಲ ತೆಗೆಸಿಬಿಡ್ತೀನಿ."

ನಾನು ಆಗಲಿ ಸಾರ್ ಎಂದೆ. ಕೆಲಸ ಶುರುವಾಯಿತು.

ಕಾರ್ಖಾನೆಯಲ್ಲಿ ಈ ಕೆಲಸಕ್ಕೆ ಯಾವತ್ತೂ ಇಬ್ಬರು. ಒಬ್ಬರು ಫೀಲ್ಡಿನಲ್ಲಿ, ಅಂದರೆ ತೊಟ್ಟಿ, ವಾಲ್ವುಗಳ ಹತ್ತಿರ. ಇನ್ನೊಬ್ಬರು ಪ್ಯಾನೆಲ್ಲಿನಲ್ಲಿ. ಪ್ರತಿ ತಂತಿಯನ್ನೂ ಹೀಗೇ ಪರೀಕ್ಷಿಸುವುದು. ಫೀಲ್ಡಿನವನು ತಂತಿಯ ತುದಿಗೆ ನಾಲ್ಕು ಮಿಲಿಆಂಪ್ ಕೊಟ್ಟು ಕೂಗಿದರೆ ಪ್ಯಾನೆಲ್ಲಿನವನು ಸೊನ್ನೆ ಬಂತು ಎನ್ನಬೇಕು. ಇಪ್ಪತ್ತು ಕೊಟ್ಟರೆ ನೂರು ಬಂತು ಎನ್ನಬೇಕು. ಅರ್ಧ ಕೆಲಸ ಬಾಯಲ್ಲಿ, ಅರ್ಧ ಕೈಯಲ್ಲಿ. ನಮ್ಮ ಲ್ಯಾಬಿನ ಅಟೆಂಡರನ್ನು ಆಫೀಸಿನವರು ಅಡ್ಮಿಷನ್ ಕೆಲಸಕ್ಕೆ ಎಳೆದುಕೊಂಡಿದ್ದರಿಂದ ಎರಡೂ ಕಡೆ ನಾನೇ ಆದೆ. ತೊಟ್ಟಿಯ ಹತ್ತಿರ ಮೀಟರು ಹಚ್ಚಿ, ಹಾಲ್ ದಾಟಿ, ಬಾಗಿಲು ತಳ್ಳಿ, ಪರದೆ ನೋಡಿ, ಮತ್ತೆ ವಾಪಸ್ಸು. ಸೀರೆ ಬಿಟ್ಟು ಚೂಡಿದಾರಕ್ಕೆ ಇಳಿದದ್ದು ಆ ದಿನಗಳಲ್ಲೇ.

ತಂತಿಗಳಾದ ಮೇಲೆ ಗಾಳಿಯ ಸರದಿ. ವಾಲ್ವ್ ತೆರೆಯುವುದು, ಮುಚ್ಚುವುದು ಒತ್ತಿದ ಗಾಳಿಯಿಂದ. ನಮಗೆ ಗಾಳಿ ಬರುತ್ತಿದ್ದದ್ದು ಮೆಕ್ಯಾನಿಕಲ್ ವರ್ಕ್‌ಶಾಪಿನ ಕಂಪ್ರೆಸರಿನಿಂದ, ಅದರ ಜೊತೆ ನೀರೂ ಎಣ್ಣೆಯೂ ಉಚಿತ. ಎರಡು ವಾರ ವಾಲ್ವ್ ಅರ್ಧಕ್ಕೆ ಬಂದು ಮುನಿಸಿಕೊಂಡು ನಿಲ್ಲುತ್ತಿತ್ತು. ಬಿಚ್ಚಿ ತೊಳೆದು, ದಾರಿಯಲ್ಲಿ ಹೊಸ ಫಿಲ್ಟರ್ ಕೂರಿಸಿ, ಬೆಳಿಗ್ಗೆ ಬಂದ ಕೂಡಲೇ ಅದರ ನೀರು ಬಿಡುವುದನ್ನು ರೂಢಿ ಮಾಡಿಕೊಂಡ ಮೇಲೆ ಸರಿಹೋಯಿತು.

ಕೊನೆಗೆ ಎಲ್ಲಕ್ಕಿಂತ ಸುಲಭ ಅಂದುಕೊಂಡಿದ್ದ ಕೆಲಸ ಉಳಿಯಿತು. ಪಂಪು ಕೆಳಗಿನಿಂದ ನೀರೆತ್ತಿ ವಾಲ್ವಿನ ಮೂಲಕ ತೊಟ್ಟಿಗೆ ಬಿಡುತ್ತದೆ. ತೊಟ್ಟಿಯ ಅಡಿಯಲ್ಲಿ ಕೈಯಿಂದ ತಿರುಗಿಸುವ ಡ್ರೇನ್ ಇದೆ. ಡ್ರೇನ್ ಎಷ್ಟೇ ತೆರೆದರೂ ಡಿಸಿಎಸ್ ತಾನಾಗಿ ವಾಲ್ವ್ ಹೊಂದಿಸಿ ಮಟ್ಟವನ್ನು ಐವತ್ತಕ್ಕೆ, ಅಂದರೆ ಅರ್ಧ ತೊಟ್ಟಿಗೆ, ಹಿಡಿದು ನಿಲ್ಲಿಸಬೇಕು. ಪ್ರಾಕ್ಟಿಕಲ್ ಪುಸ್ತಕದಲ್ಲಿ ಮೊದಲ ಪ್ರಯೋಗ ಇದು. ನನ್ನ ತೊಟ್ಟಿ ಮಾತ್ರ ಐವತ್ತಕ್ಕೆ ನಿಲ್ಲಲೇ ಇಲ್ಲ. ತುಂಬುತ್ತಿತ್ತು, ವಾಲ್ವ್ ಮುಚ್ಚುತ್ತಿತ್ತು, ಬರಿದಾಗುತ್ತಿತ್ತು, ವಾಲ್ವ್ ಹಾರಿ ತೆರೆದುಕೊಳ್ಳುತ್ತಿತ್ತು, ಮತ್ತೆ ತುಂಬುತ್ತಿತ್ತು. ಪರದೆಯ ಮೇಲಿನ ಗೆರೆ ಮಾತ್ರ ನುಣ್ಣಗೆ, ನಿಧಾನವಾಗಿ ಏರಿಳಿಯುತ್ತಿತ್ತು. ಡಿಸಿಎಸ್ ಒಳಗೆ ವಾಲ್ವ್ ಹೊಂದಿಸುವ ಕಂಟ್ರೋಲರಿನ ಚುರುಕು ಕಡಿಮೆ ಮಾಡಿದರೆ ಮೈಗಳ್ಳನ ಹಾಗೆ ಕೂರುತ್ತಿತ್ತು, ಹೆಚ್ಚಿಸಿದರೆ ಕುಣಿಯುತ್ತಿತ್ತು. ವಾಲ್ವ್ ಬದಲಾಯಿಸಿದೆ. ಕಾರ್ಡ್ ಬದಲಾಯಿಸಿದೆ. ಮಟ್ಟ ಅಳೆಯುವ ಟ್ರಾನ್ಸ್‌ಮಿಟರನ್ನು ಪರೀಕ್ಷಿಸಿದೆ: ಖಾಲಿ ತೊಟ್ಟಿಗೆ ಸೊನ್ನೆ, ತುಂಬಿದ ತೊಟ್ಟಿಗೆ ನೂರು, ಸರಿಯಾಗಿಯೇ ಇತ್ತು. ಡ್ರೇನ್ ತೆರೆದು ಹಾಲ್ ದಾಟಿ ಬಂದು ನೋಡಿದರೆ ಗೆರೆ ಇಳಿಯುತ್ತಿರುತ್ತಿತ್ತು. ಅದರಲ್ಲೂ ತಪ್ಪು ಕಾಣಲಿಲ್ಲ.

ಸಂಜೆ ಅಕ್ಕ ಫೋನ್ ಮಾಡುತ್ತಿದ್ದಳು.

"ಏನೇ, ಆಯ್ತಾ ನಿನ್ನ ನೀರಿನ ತೊಟ್ಟಿ?"

"ಆಗ್ತಾ ಇದೆ ಕಣೇ."

"ನಮ್ಮನೆ ಓವರ್‌ಹೆಡ್ ಟ್ಯಾಂಕಿಗೆ ಪ್ಲಂಬರು ಒಂದು ಚೆಂಡು ಹಾಕಿ ಹೋದ. ತುಂಬ್ತು ಅಂದ್ರೆ ತಾನೇ ನಿಲ್ಲತ್ತೆ. ನೀನು ಇಷ್ಟು ಓದ್ಕೊಂಡು ತಿಂಗಳಾನುಗಟ್ಲೆ ಅದೇ ಮಾಡ್ತಾ ಕೂತಿದೀಯಲ್ಲೇ!"

ನಾನೂ ನಗುತ್ತಿದ್ದೆ. ಊಟ ಆಯ್ತಾ ಎಂದರೆ ಆಯ್ತು, ಬೇಜಾರಾ ಎಂದರೆ ಏನಿಲ್ಲ. ಫೋನ್ ಇಟ್ಟ ಮೇಲೆ ಆ ದಿನ ನಾನು ಆಡಿದ ಕನ್ನಡ ಅಷ್ಟೇ ಎಂದು ನೆನಪಾಗುತ್ತಿತ್ತು.

ಪರೀಕ್ಷೆ ಹತ್ತಿರ ಬಂತು. ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಡಿಸಿಎಸ್ಸಿಗೆ ಬ್ಯಾಟರಿ ಇತ್ತು, ಪಂಪಿಗೆ ಇರಲಿಲ್ಲ. ಡ್ರೇನ್ ತೆರೆದಿದ್ದರಿಂದ ಮಟ್ಟ ಇಳಿಯುತ್ತಾ ಹೋಯಿತು, ನೀರು ಬರಲಿಲ್ಲವಲ್ಲ ಎಂದು ಕಂಟ್ರೋಲರು ವಾಲ್ವನ್ನು ತೆರೆಯುತ್ತಾ ಪೂರ್ತಿ ತೆರೆದಿಟ್ಟಿತು. ಕರೆಂಟ್ ಬಂದಾಗ ನಾನು ಪ್ಯಾನೆಲ್ ಮುಂದೆಯೇ ಇದ್ದೆ. ಗೆರೆ ಮೆಲ್ಲಗೆ ಅರವತ್ತು ತಲುಪಿತ್ತು, ಇನ್ನೇನು ಇಳಿಯುತ್ತದೆ ಎಂದುಕೊಂಡೆ. ಆಗ ಹೊರಗೆ ಗಲಾಟೆ ಕೇಳಿಸಿತು. ತೊಟ್ಟಿ ಉಕ್ಕಿ, ನೀರು ಬಾಗಿಲ ಸಂದಿಯಿಂದ ಕಾರಿಡಾರಿಗೆ ನುಗ್ಗಿ, ಕಂಪ್ಯೂಟರ್ ಲ್ಯಾಬಿನ ಹೊರಗೆ ಮಕ್ಕಳು ಬಿಟ್ಟಿದ್ದ ಚಪ್ಪಲಿ, ಶೂಗಳನ್ನೆಲ್ಲ ನೆನೆಸಿತ್ತು.

"ನಿಮ್ಮ ಫ್ಯಾಕ್ಟರಿ ನಮ್ಮ ಬಾಗಿಲ ತನಕ ಬಂತು ಮೇಡಂ" ಎಂದರು ಕಂಪ್ಯೂಟರ್ ಬ್ರಾಂಚಿನ ಮುಖ್ಯಸ್ಥರು. ಎಲ್ಲರೂ ನಕ್ಕರು. ನಾನು ಒರೆಸುವ ಬಟ್ಟೆ ಹುಡುಕಿಕೊಂಡು ಹೋದೆ.

ಪ್ರಾಂಶುಪಾಲರು ನಗಲಿಲ್ಲ. ಹಳೆಯ ಟ್ರೈನರ್ ಕಿಟ್ಟುಗಳ ಮೇಲೆ ಪರೀಕ್ಷೆ ಮುಗಿಸಿಬಿಡಿ, ಅದು ಯಾವತ್ತೂ ಕೈಕೊಟ್ಟಿಲ್ಲ ಎಂದರು. ಅದು ಕೈಕೊಡುವಂಥದ್ದೇ ಅಲ್ಲ. ಮೇಜಿನ ಮೇಲಿನ ಸಣ್ಣ ಪೆಟ್ಟಿಗೆ, ಗುಂಡಿ ತಿರುಗಿಸಿದರೆ ಪುಸ್ತಕದಲ್ಲಿರುವ ಗೆರೆಯೇ ಬರುತ್ತದೆ. ಹೋಗುವ ಮುಂಚೆ ಇನ್ನೊಂದು ಮಾತು ಸೇರಿಸಿದರು: "ಇದು ಸರಿ ಹೋಗೋ ತನಕ ಸ್ಟೂಡೆಂಟ್ಸ್ ಯಾರೂ ಒಳಗೆ ಬರಬಾರದು."

ಆ ಮಾತು ಹೊಸದೇನಲ್ಲ. ನಾನೇ ಅವರನ್ನು ಒಳಗೆ ಬಿಟ್ಟಿರಲಿಲ್ಲ. ಪೂರ್ತಿ ಸಿದ್ಧವಾದ ಮೇಲೇ ಆಪರೇಟರ ಕೈಗೆ ಕೊಡುವುದು ಕಾರ್ಖಾನೆಯ ಕ್ರಮ, ಅಲ್ಲಿ ಕೆಲಸ ಮಾಡಿ ಬಂದ ನನಗೆ ಅದೇ ರೂಢಿ. ಅದಕ್ಕಿಂತ ಹೆಚ್ಚಾಗಿ, ಎಲ್ಲ ಮುಗಿಸಿ ಬಾಗಿಲು ತೆಗೆದು, ನೋಡಿ ಮಕ್ಕಳೇ ಎನ್ನುವ ಆಸೆ. ಸಂಜೆ ಕಾಲೇಜು ಬಸ್ಸು ಶೂಳಗಿರಿ ದಾಟುವಾಗ ಸಿಟ್ಟೂ ಅಳುವೂ ಒಟ್ಟಿಗೆ ಬಂತು. ಕಿಟ್ಟಿನ ಮೇಲೆ ಪರೀಕ್ಷೆ ಮಾಡಿದರೆ ಎಲ್ಲರೂ ಪಾಸಾಗುತ್ತಾರೆ, ಹಾಲ್ ಹೋಗುತ್ತದೆ, ನಾನು ಬೇಸಿಗೆಯಲ್ಲಿ ನನ್ನ ಕೈಯಾರೆ ಕೂರಿಸಿದ್ದನ್ನು ನನ್ನ ಕೈಯಾರೆ ಬಿಚ್ಚುತ್ತೇನೆ. ಹೇಗೂ ಹೋಗುವುದಾದರೆ ಆ ಮಕ್ಕಳು ಒಂದು ಸಲವಾದರೂ ಮುಟ್ಟಿ ನೋಡಲಿ ಅನ್ನಿಸಿತು. ಇನ್ನೊಮ್ಮೆ ನೀರು ಉಕ್ಕಿದರೆ ಪ್ರಾಂಶುಪಾಲರಿಗೆ ಏನು ಹೇಳುವುದು ಎಂದು ಯೋಚಿಸಲು ಹೋಗಲಿಲ್ಲ.

ಮರುದಿನ ಮಕ್ಕಳನ್ನು ಕರೆದೆ. ಇದು ಕೆಟ್ಟು ನಿಂತಿದೆ, ಯಾಕೆಂದು ನನಗೆ ಗೊತ್ತಿಲ್ಲ ಎಂದು ಅವರ ಮುಂದೆ ಒಪ್ಪಿಕೊಂಡೆ. ಅವರಿಗೆ ಅದು ದೊಡ್ಡ ವಿಷಯವೇ ಆಗಲಿಲ್ಲ. ಜವಳಗಿರಿ ಕಡೆಯ ಹುಡುಗಿಯೊಬ್ಬಳಿದ್ದಳು, ಕಾಡಂಚಿನ ಊರಿನವಳು, ಗಟ್ಟಿ ದನಿ. ಅವಳನ್ನು ತೊಟ್ಟಿಯ ಹತ್ತಿರ, ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯ ಎದುರು ನಿಲ್ಲಿಸಿದೆ. ಹೊಸೂರಿನ ಉದ್ದನೆಯ ಹುಡುಗನೊಬ್ಬನನ್ನು ಪ್ಯಾನೆಲ್ ಮುಂದೆ ಕೂರಿಸಿದೆ. ಇಬ್ಬರ ಫೋನೂ ಸ್ಪೀಕರಿನಲ್ಲಿ. ಕಾರ್ಖಾನೆಯ ಪದ್ಧತಿ ಹೇಳಿಕೊಟ್ಟೆ: ಮಾಡುವ ಮುಂಚೆ ಹೇಳಬೇಕು, ಕೇಳಿದವರು ಅದನ್ನೇ ತಿರುಗಿ ಹೇಳಬೇಕು, ಆಮೇಲೆ ಕೈ ಹಾಕಬೇಕು. ಕಂಟ್ರೋಲರನ್ನು ಮ್ಯಾನುಯಲ್ಲಿಗೆ ಹಾಕಿಸಿ ವಾಲ್ವನ್ನು ಇದ್ದಲ್ಲೇ ನಿಲ್ಲಿಸಿದೆ. ಈಗ ಡ್ರೇನ್ ತೆರೆದರೆ ಮಟ್ಟ ಸುಮ್ಮನೆ ಇಳಿಯಬೇಕು.

"ಡ್ರೇನ್ ತೆಗೀತೀನಿ."

"ಡ್ರೇನ್ ತೆಗೀತೀಯ. ಸರಿ. ಲೆವೆಲ್ ಐವತ್ತು."

"ತೆಗ್ದೆ."

"ಐವತ್ತು... ಐವತ್ತು... ಐವತ್ತೇ ಐತೆ. ತೆಗಿಯಮ್ಮ ಬೇಗ."

"ತೆಗ್ದಿವ್ನಿ ಕಣ್ಲಾ!"

"ನಲವತ್ತೊಂಬತ್ತು. ಏಯ್, ಒಂದು ಚೂರು ತಿರುಗ್ಸಿ ಸುಮ್ನೆ ನಿಂತವ್ಳೆ ಮೇಡಂ."

"ಪೂರ್ತಿ ತೆಗ್ದೈತೆ! ಗಾಜಿನ ಕೊಳವೇಲಿ ನೀರು ಸರ್ ಅಂತ ಇಳ್ದೋಗ್ತಾ ಐತೆ. ನೀನೇನ್ಲಾ ನಿದ್ದೆ ಮಾಡ್ತಿದೀಯಾ ಅಲ್ಲಿ?"

"ಸುಳ್ಳು ಹೇಳ್ಬೇಡ, ಗೆರೆ ಅಲ್ಲಾಡ್ತಾನೇ ಇಲ್ಲ!"

"ಹಂಗಾರೆ ನೀನೇ ಬಂದು ನೋಡ್ಲಾ!"

"ನಾ ಅಲ್ಲಿಗೆ ಬಂದ್ರೆ ಇಲ್ಲಿ ನೋಡೋರ್ಯಾರು?"

ನಾನು ಅವನ ಹಿಂದೆ ನಿಂತಿದ್ದವಳು ಕುರ್ಚಿ ಹಿಡಿದುಕೊಂಡೆ. ಇಷ್ಟು ದಿನ ಅಲ್ಲಿಂದ ಇಲ್ಲಿಗೆ ಬರುತ್ತಿದ್ದವಳು ನಾನು. ಡ್ರೇನ್ ತಿರುಗಿಸಿದ ಮೇಲಿನ ಮೊದಲ ಅರ್ಧ ನಿಮಿಷ ಪ್ರತಿ ಸಲವೂ ನಾನು ಆ ಮೇಜುಗಳ ನಡುವೆ ನಡೆಯುತ್ತಿದ್ದೆ. ಆ ಹೊತ್ತಿನಲ್ಲಿ ಪರದೆ ಏನು ಮಾಡುತ್ತದೆ ಎಂದು ನಾನು ಒಂದು ದಿನವೂ ನೋಡಿರಲಿಲ್ಲ. ನಾನು ಬಂದು ನೋಡುವಷ್ಟರಲ್ಲಿ ಗೆರೆ ಇಳಿಯುತ್ತಿರುತ್ತಿತ್ತು. ಇಬ್ಬರು ಮಾಡಬೇಕಾದ ಕೆಲಸವನ್ನು ಒಬ್ಬಳೇ ಮಾಡಿದೆ ಎಂದು ಒಳಗೊಳಗೇ ಬೀಗುತ್ತಿದ್ದೆನಲ್ಲ, ರೋಗ ಅಲ್ಲೇ ಅಡಗಿ ಕೂತಿತ್ತು.

"ಈಗ ಇಳೀತಾ ಐತೆ! ಈಗ ತೆಗ್ದ್ಲು ಮೇಡಂ, ಕಳ್ಳಿ!"

"ಇದ್ದ ನೀರಲ್ಲಿ ಅರ್ಧ ಖಾಲಿಯಾಗೋಯ್ತು, ಈಗ ಹೇಳ್ತಾನೆ ನೋಡಿ ಮೇಡಂ ಇವನು!"

ನಾನು ನಗುತ್ತಾ ತೊಟ್ಟಿಯ ಹತ್ತಿರ ಓಡಿ ಟ್ರಾನ್ಸ್‌ಮಿಟರಿನ ಮುಚ್ಚಳ ತೆಗೆದೆ. ಒಳಗಿನ ಗುಂಡಿ ಒತ್ತಿದರೆ ಅದರ ಸೆಟ್ಟಿಂಗುಗಳು ಒಂದೊಂದಾಗಿ ಕಾಣುತ್ತವೆ. ಸೊನ್ನೆ, ನೂರು ನೋಡಿ ಮುಚ್ಚಿದ್ದೆ. ಇನ್ನೆರಡು ಸಲ ಒತ್ತಿದ್ದರೆ ಸಿಗುತ್ತಿತ್ತು: ಡ್ಯಾಂಪಿಂಗ್. ಅಳತೆಯ ನಡುಕವನ್ನು ಸವರಿ ನುಣ್ಣಗೆ ಮಾಡುವ ಸೆಟ್ಟಿಂಗ್ ಅದು. ಕಾರ್ಖಾನೆಯವರು ಅರ್ಧ ನಿಮಿಷಕ್ಕೆ ಇಟ್ಟಿದ್ದರು. ಅವರದ್ದೇನೂ ತಪ್ಪಲ್ಲ. ಅಲ್ಲಿ ಈ ಟ್ರಾನ್ಸ್‌ಮಿಟರ್ ಇದ್ದದ್ದು ಮನೆಯಷ್ಟು ದೊಡ್ಡ ತೊಟ್ಟಿಯ ಮೇಲೆ, ಒಳಗೆ ಕಡೆಯುವ ರೆಕ್ಕೆಗಳು. ಮೇಲ್ಮೈ ಸದಾ ಕುಲುಕುತ್ತಿದ್ದರೆ ಗೆರೆಯೂ ಕುಲುಕುತ್ತದೆ, ಶಿಫ್ಟ್ ಇನ್‌ಚಾರ್ಜ್ ಬೈಯುತ್ತಾನೆ, ಯಾರೋ ಡ್ಯಾಂಪಿಂಗ್ ಏರಿಸಿ ಗೆರೆ ಸುಮ್ಮನಾಗಿಸಿದ್ದಾರೆ. ಅಷ್ಟು ದೊಡ್ಡ ತೊಟ್ಟಿಗೆ ಅರ್ಧ ನಿಮಿಷ ಲೆಕ್ಕಕ್ಕೇ ಇಲ್ಲ. ನನ್ನ ಡ್ರಮ್ಮಿನಷ್ಟು ತೊಟ್ಟಿ ಅಷ್ಟರಲ್ಲಿ ಕಾಲು ಭಾಗ ಇಳಿದುಬಿಡುತ್ತದೆ. ಕಂಟ್ರೋಲರಿಗೆ ಸಿಗುತ್ತಿದ್ದದ್ದೆಲ್ಲ ಹಳಸಿದ ಸುದ್ದಿ.

ಡ್ಯಾಂಪಿಂಗ್ ಇಳಿಸಿದೆ. ಗೆರೆ ಒರಟಾಯಿತು, ಮೇಲಿಂದ ಬೀಳುವ ನೀರಿಗೆ ಸಣ್ಣಗೆ ನಡುಗತೊಡಗಿತು.

"ಕೆಟ್ಟೋಯ್ತು ಮೇಡಂ" ಎಂದ ಹುಡುಗ.

"ಕೆಟ್ಟಿಲ್ಲಪ್ಪ. ನೀರು ಹಂಗೇ ಇದೆ, ಹೋಗಿ ನೋಡ್ಕೊಂಡು ಬಾ."

ಆಮೇಲಿನ ದಿನಗಳು ನನಗೆ ಹಬ್ಬ. ಅವರು ಪ್ಲೇಸ್‌ಮೆಂಟ್ ತರಬೇತಿ ಮುಗಿಸಿ ಬರುತ್ತಿದ್ದರು. ಕಂಟ್ರೋಲರಿನ ಚುರುಕನ್ನು ಮೊದಲು, ಹಳೆಯ ಕೊರತೆ ತುಂಬುವ ವೇಗವನ್ನು ಆಮೇಲೆ, ಸ್ವಲ್ಪ ಸ್ವಲ್ಪವೇ ಏರಿಸಿ ನೋಡುವುದು. ತಪ್ಪಾದರೆ ಗೋಡೆಯ ಈಚೆಯಿಂದ ಆಚೆಗೆ ಬೈಗುಳ. ತಮಿಳು, ತೆಲುಗು, ಕನ್ನಡ ಮೂರೂ ಹಾರಾಡುತ್ತಿದ್ದವು. ಕರೆಂಟ್ ಹೋದಾಗ ಏನಾಗಿತ್ತು ಎಂದೂ ಅವರೊಂದಿಗೆ ಬಿಡಿಸಿ ನೋಡಿದೆ. ಪಂಪು ನಿಂತರೆ ಮೊದಲು ಕಂಟ್ರೋಲರನ್ನು ಮ್ಯಾನುಯಲ್ಲಿಗೆ ತರಬೇಕು, ಇಲ್ಲದಿದ್ದರೆ ಅದು ಸಿಗದ ನೀರಿಗಾಗಿ ವಾಲ್ವ್ ತೆರೆಯುತ್ತಲೇ ಹೋಗುತ್ತದೆ. ಯಾರೋ ಬನ್ನು ತರುತ್ತಿದ್ದರು, ಯಾರೋ ಫ್ಲಾಸ್ಕಿನಲ್ಲಿ ಟೀ. ಪ್ರಾಂಶುಪಾಲರಿಗೆ ವಿಷಯ ತಿಳಿದಿರಲೇಬೇಕು, ಕಾರಿಡಾರಿನಲ್ಲಿ ನಡೆದು ಹೋದರೂ ಬಾಗಿಲು ತಳ್ಳಲಿಲ್ಲ.

ಪರೀಕ್ಷೆಯ ದಿನ ಹೊರಗಿನ ಪರೀಕ್ಷಕರು ಬಂದರು. ಕಿಟ್ಟುಗಳ ಕಡೆ ನೋಡಿ, ಕಪಾಟುಗಳ ಕಡೆ ನೋಡಿ, ಇದರಲ್ಲಿ ಯಾವುದು ಎಂದು ಕೇಳಿದರು. ನಾನು ಕಪಾಟು ತೋರಿಸಿದೆ. ಜವಳಗಿರಿಯ ಹುಡುಗಿ ತೊಟ್ಟಿಯ ಹತ್ತಿರ, ಹೊಸೂರಿನ ಹುಡುಗ ಪ್ಯಾನೆಲ್ಲಿನಲ್ಲಿ ಇರುವಾಗ ಸರಿಯಾಗಿ ಕರೆಂಟ್ ಹೋಯಿತು. ಅವಳ ದನಿ ಗೋಡೆ ದಾಟಿ ಬಂತು: "ಪಂಪ್ ನಿಂತೋಯ್ತು. ಮ್ಯಾನುಯಲ್‌ಗೆ ಹಾಕು."

"ಮ್ಯಾನುಯಲ್‌ಗೆ ಹಾಕ್ದೆ. ಡ್ರೇನ್ ಮುಚ್ಚು."

"ಡ್ರೇನ್ ಮುಚ್ಚಿದೆ."

ಕರೆಂಟ್ ಬಂತು. ವಾಲ್ವನ್ನು ಕೈಯಿಂದಲೇ ಸ್ವಲ್ಪ ಸ್ವಲ್ಪ ತೆರೆದು, ಐವತ್ತರ ಹತ್ತಿರ ತಂದು, ಆಮೇಲೆ ಕಂಟ್ರೋಲರಿಗೆ ಬಿಟ್ಟರು. ಒಂದು ಹನಿಯೂ ಹೊರಗೆ ಚೆಲ್ಲಲಿಲ್ಲ. ಪರೀಕ್ಷಕರು ಹೊಗಳಲಿಲ್ಲ, ಕಾಲೇಜುಗಳಲ್ಲಿ ಇದನ್ನು ನೋಡಿ ಬಹಳ ದಿನವಾಗಿತ್ತು ಎಂದರು. ನಾನು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಹಾಲ್ ಉಳಿಯಿತು. ಪ್ರಾಂಶುಪಾಲರು ಆಡಿದಂತೆ ನಡೆದುಕೊಂಡರು. ಮಕ್ಕಳು ಕೆಲಸ ಹಿಡಿದು ಹೋದರು, ನಾಲ್ಕು ದಿನ ಗ್ರೂಪಿನಲ್ಲಿ ಫೋಟೋ ಹಾಕಿದರು, ಆಮೇಲೆ ಗ್ರೂಪು ತಣ್ಣಗಾಯಿತು. ಬ್ರಾಂಚಿಗೆ ಹೊಸ ಸೀಟು ಬರಲಿಲ್ಲ. ಉಳಿದ ಬ್ರಾಂಚುಗಳ ಮಕ್ಕಳನ್ನಾದರೂ ವಾರಕ್ಕೊಂದು ದಿನ ಕಳಿಸಿ ಎಂದು ಕೇಳಿದೆ. ಟೈಂಟೇಬಲ್ಲಿನಲ್ಲಿ ಜಾಗವಿಲ್ಲ ಎಂದರು. ಲ್ಯಾಬು ನಡೆಯುತ್ತಿತ್ತು, ಕಲಿಯುವವರಿರಲಿಲ್ಲ.

ಹೆದ್ದಾರಿಯಲ್ಲಿ ಮಾವಿನ ಲಾರಿಗಳು ಸಾಲುಗಟ್ಟುವ ಹೊತ್ತಿಗೆ ಅಡ್ಮಿಷನ್ ಶುರುವಾಯಿತು. ಕಾಲೇಜು ನೋಡಲು ಬರುವ ತಂದೆತಾಯಿಗಳಿಗೆ ತೋರಿಸಲು ನನ್ನ ಲ್ಯಾಬು ಒಳ್ಳೆಯದಾಯಿತು. ಒಂದು ಬೆಳಿಗ್ಗೆ ಪ್ರಾಂಶುಪಾಲರು ಪರದೆಯ ಮುಂದೆ ನಿಂತು, "ಈ ಗೆರೆ ನಡುಗೋದು ನೋಡೋಕೆ ಚೆನ್ನಾಗಿಲ್ಲ ಮೇಡಂ. ನೇರ ಮಾಡೋಕಾಗಲ್ವಾ?" ಎಂದು ಕೇಳಿದರು.

"ಆಗುತ್ತೆ ಸಾರ್. ಮಾಡಲ್ಲ" ಎಂದೆ. ಅವರು ಏನೋ ಹೇಳಲು ಹೋದರು, ಅಷ್ಟರಲ್ಲಿ ಒಂದು ಸಂಸಾರ ಬಾಗಿಲಿಗೆ ಬಂತು.

ಕೆಲಮಂಗಲ ಕಡೆಯವರು. ತಂದೆ ಹೊರಗೇ ನಿಂತ, ಮಗಳು ಸೀದಾ ಪರದೆಗೆ ಬಂದಳು.

"ಅದ್ಯಾಕೆ ಮೇಡಂ ಹಿಂಗೆ ನಡುಗ್ತೈತೆ?"

ಕನ್ನಡ ಕೇಳಿ ನಾನು ಅವಳತ್ತ ತಿರುಗಿದೆ. ಫೋನಿನಲ್ಲಿ ಮಾತಾಡುವುದು ಹೇಗೆಂದು ಹೇಳಿಕೊಟ್ಟು ಅವಳನ್ನು ತೊಟ್ಟಿಯ ಹತ್ತಿರ ಕಳಿಸಿದೆ. ನಾನು ಪ್ಯಾನೆಲ್ಲಿನಲ್ಲಿ ಕೂತೆ. ಡ್ರೇನ್ ತೆಗೀತೀನಿ ಎಂದಳು, ತೆಗೀತೀಯ ಎಂದೆ. ಮಟ್ಟ ತಗ್ಗಿತು, ವಾಲ್ವ್ ತೆರೆದುಕೊಂಡಿತು, ಗೆರೆ ನಡುಗುತ್ತಲೇ ಐವತ್ತಕ್ಕೆ ಮರಳಿತು. ಅವಳು ಓಡಿ ಬಂದಳು.

"ಇದ್ನ ಕಲೀಬೇಕು ಅಂದ್ರೆ ಯಾವ ಬ್ರಾಂಚಿಗೆ ಸೇರ್ಬೇಕು ಮೇಡಂ?"

ಅಷ್ಟು ಕನ್ನಡ ಪ್ರಾಂಶುಪಾಲರಿಗೂ ಬರುತ್ತದೆ. ಕಂಪ್ಯೂಟರ್ ತಗೋಮ್ಮ, ಈಗ ಎಲ್ಲಾ ಕಂಪ್ಯೂಟರೇ ಎಂದರು. ಹುಡುಗಿ ಅವರನ್ನು ನೋಡದೆ ನನ್ನನ್ನೇ ನೋಡುತ್ತಿದ್ದಳು.

"ಇದಕ್ಕೆ ಇನ್‌ಸ್ಟ್ರುಮೆಂಟೇಷನ್ ಅಂತ ಬೇರೆ ಬ್ರಾಂಚ್ ಇದೆಯಮ್ಮ" ಎಂದೆ. "ಈ ಕಾಲೇಜಲ್ಲಿ ಈಗ ಇಲ್ಲ. ಕೌನ್ಸೆಲಿಂಗ್‌ನಲ್ಲಿ ಬೇರೆ ಕಾಲೇಜು ನೋಡಿ ಹಾಕು."

ಪ್ರಾಂಶುಪಾಲರು ಗಂಟಲು ಸರಿಮಾಡಿಕೊಂಡರು. ಹುಡುಗಿಯ ಮುಖ ಅರಳಿತು.

"ಅಲ್ಲಿ ನೀವು ಇರ್ತೀರಾ ಮೇಡಂ?"

"ಇಲ್ಲ ಕಣಮ್ಮ. ನಾನು ಇಲ್ಲೇ ಇರ್ತೀನಿ."

ಅವರೆಲ್ಲ ಹೋದರು. ಹುಡುಗಿ ಡ್ರೇನ್ ಮುಚ್ಚುವುದನ್ನು ಮರೆತಿದ್ದಳು. ಎದ್ದು ಹೋಗಿ ಮುಚ್ಚಿ, ಹಾಲ್ ದಾಟಿ ವಾಪಸ್ಸು ಬಂದೆ. ಅಷ್ಟರಲ್ಲಿ ಗೆರೆ ಮತ್ತೆ ಐವತ್ತಕ್ಕೆ ಬಂದು ನಿಂತಿತ್ತು, ಅದು ಹೇಗೆ ಬಂತೆಂದು ನೋಡಲು ಅಲ್ಲಿ ಯಾರೂ ಇರಲಿಲ್ಲ.